ಫಿಲ್ಟರ್ ಹೊಸದು, ಗಾಡಿ ಸ್ಟಾರ್ಟ್ ಆಗ್ತಿಲ್ಲ: ಮನೇಲಿ ಡೀಸೆಲ್ ಫಿಲ್ಟರ್ ಹಾಕಿದ ಒಂದು ಪ್ರಕರಣ

ಇದು ತುಮಕೂರು ಜಿಲ್ಲೆಯ ಒಂದು ಹಳ್ಳೀಲಿ, ಮಳೆಗಾಲ ಮುಗೀತಾ ಬಂದಾಗ ನಡೆದಿದ್ದು. ಗಾಡಿ ಮಾಲೀಕರನ್ನ ಇಲ್ಲಿ ಮೇಷ್ಟ್ರು ಅಂತಷ್ಟೇ ಕರೀತೀನಿ, ಹೈಸ್ಕೂಲಲ್ಲಿ ನನಗೆ ವಿಜ್ಞಾನ ಹೇಳ್ಕೊಟ್ಟವರು, ಅವರನ್ನ ಕೇಳಿನೇ ಬರೀತಿದ್ದೀನಿ, ಊರು ಗಾಡಿ ಕಂಪನಿ ಎರಡೂ ಬೇಡ ಅಂದ್ರು, ಬಿಟ್ಟಿದ್ದೀನಿ. ಫಿಲ್ಟರ್ ಬದಲಾಯಿಸೋದು ಹೇಗೆ ಅಂತ ತೋರಿಸೋ ವಿಡಿಯೋ ಬೇಕಾದಷ್ಟಿವೆ, ಆದ್ರೆ ಹಾಕಿದ ಮೇಲೆ ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಆಮೇಲಿನ ಒಂದು ಗಂಟೇಲಿ ಏನು ಮಾಡ್ತೀವಿ ಏನು ಮಾಡಲ್ಲ ಅನ್ನೋದರ ಮೇಲೇನೇ ಸಾವಿರ ರೂಪಾಯಿಯ ಕೆಲಸ ಸಾವಿರದಲ್ಲೇ ಮುಗಿಯತ್ತಾ ಇಲ್ಲ ಐವತ್ತು ಸಾವಿರಕ್ಕೆ ಹೋಗತ್ತಾ ಅನ್ನೋದು ನಿಂತಿರತ್ತೆ. ಆ ಒಂದು ಗಂಟೆ ಬಗ್ಗೆ ಬರೆದಿರೋದು ಎಲ್ಲೂ ಕಾಣಲಿಲ್ಲ, ಅದಕ್ಕೆ ಇದು.

ಗಾಡಿ ಹಿನ್ನೆಲೆ

2013ರ ಸಣ್ಣ ಡೀಸೆಲ್ ಕಾರು, ಕಾಮನ್ ರೈಲ್ ಇಂಜಿನ್ನು (ಪಂಪು ಡೀಸೆಲ್ಲನ್ನ ಭಾರೀ ಒತ್ತಡದಲ್ಲಿ ರೈಲ್ ಅನ್ನೋ ಒಂದೇ ಕೊಳವೇಲಿ ತುಂಬಿಡತ್ತೆ, ಅಲ್ಲಿಂದ ಇಂಜೆಕ್ಟರ್‌ಗಳು ಸಿಲಿಂಡರಿಗೆ ಸಿಂಪಡಿಸ್ತವೆ), ಓಡಿರೋದು 1,12,000 ಕಿ.ಮೀ. ಟ್ಯಾಂಕೊಳಗೆ ಕರೆಂಟ್ ಪಂಪ್ ಇಲ್ಲದ ಮಾದರಿ ಅದು, ಅಂದ್ರೆ ಇಂಜಿನ್ ಪಕ್ಕದ ಪಂಪೇ ಟ್ಯಾಂಕಿಂದ ಡೀಸೆಲ್ಲನ್ನ ಎಳ್ಕೊಬೇಕು, ಸ್ಟ್ರಾ ಹಾಕ್ಕೊಂಡು ಎಳನೀರು ಕುಡಿಯೋ ಹಾಗೆ. ಈ ಒಂದು ವಿಷಯ ನೆನಪಲ್ಲಿಟ್ಕೊಳ್ಳಿ, ಮುಂದೆ ಪೂರ್ತಿ ಕಥೆ ಇದರ ಮೇಲೇ ನಿಂತಿದೆ. ಫಿಲ್ಟರ್ ಬಾನೆಟ್ ಒಳಗೆ ಹಿಂದಿನ ಗೋಡೆ ಹತ್ರ ಒಂದು ಬ್ರಾಕೆಟಲ್ಲಿ ಕೂತಿರತ್ತೆ, ಮೇಲೆ ಡೀಸೆಲ್ ತುಂಬಿಸೋಕೆ ಕೈಯಲ್ಲಿ ಒತ್ತೋ ಪ್ರೈಮರ್ ಪಂಪು, ಕೆಳಗೆ ನೀರು ಸೇರಿದ್ರೆ ಹೇಳೋ ಸೆನ್ಸಾರು. ಬುಕ್ಕಲ್ಲಿ 40,000 ಕಿ.ಮೀ.ಗೆ ಒಂದ್ಸಲ ಬದಲಾಯಿಸಿ ಅಂತಿದೆ, ಇವರದ್ದು 58,000 ಓಡಿತ್ತು.

ಮೇಷ್ಟ್ರ ಮನೆ ಅಂದ್ರೆ ತೆಂಗಿನ ತೋಟ, ಅವರ ದೊಡ್ಡಪ್ಪನ ಮನೆ ಪಕ್ಕದಲ್ಲೇ, ದೊಡ್ಡಪ್ಪನ ಹತ್ರ ಟ್ರ್ಯಾಕ್ಟರ್ ಇದೆ, ಟ್ರ್ಯಾಕ್ಟರ್‌ಗೆ ಅಂತ 200 ಲೀಟರ್ ಡ್ರಮ್ಮಲ್ಲಿ ಡೀಸೆಲ್ ಇಟ್ಟಿರ್ತಾರೆ. ಪೆಟ್ರೋಲ್ ಬಂಕ್ 14 ಕಿ.ಮೀ. ದೂರ. ಆಗಸ್ಟಲ್ಲಿ ಒಂದಿನ ರಾತ್ರಿ ಯಾರಿಗೋ ಹುಷಾರಿಲ್ಲ ಅಂತ ಅರ್ಜೆಂಟಾಗಿ ಹೊರಡಬೇಕಾಯ್ತು, ಟ್ಯಾಂಕ್ ಖಾಲಿ, ಡ್ರಮ್ಮಿಂದ 20 ಲೀಟರ್ ಹಾಕ್ಕೊಂಡು ಹೋದ್ರು. ಆವತ್ತು ಅದು ಸರಿಯಾದ ನಿರ್ಧಾರನೇ, ಮನುಷ್ಯ ಮುಖ್ಯ. ಆದ್ರೆ ಆಮೇಲೆ ಎಲ್ಲರೂ ಅದನ್ನ ಮರೆತುಬಿಟ್ರು.

ತೊಂದರೆ ಶುರುವಾಗಿದ್ದು

ಸೆಪ್ಟೆಂಬರಲ್ಲಿ ದೇವರಾಯನದುರ್ಗ ಬೆಟ್ಟಕ್ಕೆ ಮನೆಯವರನ್ನೆಲ್ಲ ಕೂರಿಸ್ಕೊಂಡು ಹೊರಟಾಗ ಏರಲ್ಲಿ ಗಾಡಿ ಎಳೀಲಿಲ್ಲ. ಸಪಾಟು ರಸ್ತೇಲಿ ಏನೂ ಗೊತ್ತಾಗಿರ್ಲಿಲ್ಲ, ಏರು ಬಂದ ತಕ್ಷಣ ಉಸಿರು ಕಟ್ಟಿದ ಹಾಗೆ, ಆಕ್ಸಿಲರೇಟರ್ ಒತ್ತಿದ್ರೂ 2500 ಆರ್‌ಪಿಎಂ ದಾಟಲಿಲ್ಲ, ಒಂದು ತಿರುವಲ್ಲಿ ಚೆಕ್ ಇಂಜಿನ್ ಲೈಟ್ ಬಂತು, ಪವರ್ ಪೂರ್ತಿ ಬಿದ್ದುಹೋಯ್ತು. ನಿಲ್ಲಿಸಿ ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಸರಿ. ವಾಪಸ್ ಬಂದು ನನಗೆ ಫೋನ್ ಮಾಡಿದ್ರು. ಅವರ ಹತ್ರ ಗಾಡಿಗೆ ಸಿಕ್ಕಿಸಿ ದೋಷದ ಕೋಡ್ ಓದೋ ಬ್ಲೂಟೂತ್ ಒಬಿಡಿ ರೀಡರ್ ಒಂದಿತ್ತು, ಹಾಕಿ ನೋಡಿ ಅಂದೆ, ಪಿ0087 ಅಂತ ಕೋಡ್ ಬಂತು. ಅಂದ್ರೆ ರೈಲಲ್ಲಿ ಇರಬೇಕಾದಷ್ಟು ಪ್ರೆಶರ್ ಇಲ್ಲ.

ಏರಲ್ಲೇ ಯಾಕೆ ಅಂದ್ರೆ, ಫಿಲ್ಟರ್ ಕಟ್ಟಿಕೊಂಡಿದ್ರೂ ನಿಧಾನಕ್ಕೆ ಓಡೋವಾಗ ಬೇಕಾದಷ್ಟು ಡೀಸೆಲ್ ಅದರೊಳಗಿಂದ ಹೇಗೋ ದಾಟಿ ಹೋಗತ್ತೆ. ಏರಲ್ಲಿ ಲೋಡ್ ಬಿದ್ದಾಗ ಇಂಜಿನ್ ಜಾಸ್ತಿ ಕೇಳತ್ತೆ, ಫಿಲ್ಟರ್ ಕೊಡಲ್ಲ, ಪ್ರೆಶರ್ ಕುಸಿಯತ್ತೆ, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಇಂಜಿನ್ ಉಳಿಸೋಕೆ ಅಂತ ಪವರ್ ಇಳಿಸತ್ತೆ. ಈ ಕೋಡಿಗೆ ಪಂಪ್, ಸೆನ್ಸಾರ್, ಇಂಜೆಕ್ಟರ್ ಎಲ್ಲವೂ ಕಾರಣ ಇರಬಹುದು, ಆದ್ರೆ 58,000 ಕಿ.ಮೀ. ಹಳೆ ಫಿಲ್ಟರ್ ಕಣ್ಣೆದುರಿಗೇ ಇರೋವಾಗ ಮೊದಲು ಅದನ್ನ ಬದಲಾಯಿಸದೆ ಬೇರೆ ಏನನ್ನೂ ಮುಟ್ಟಬಾರದು.

ಮೇಷ್ಟ್ರಿಗೆ ಕೈಕೆಲಸ ಬರತ್ತೆ, ಮನೆ ಮೋಟಾರ್ ಸ್ಟಾರ್ಟರ್ ಅವರೇ ಬಿಚ್ಚಿ ರಿಪೇರಿ ಮಾಡ್ತಾರೆ. ಸರ್ವಿಸ್ ಸೆಂಟರ್ 40 ಕಿ.ಮೀ. ದೂರ, ಗಾಡಿ ಇರೋ ಸ್ಥಿತೀಲಿ ಅಲ್ಲಿವರೆಗೆ ಓಡಿಸೋದು ಬೇಡ, ಮನೇಲೇ ಮಾಡ್ತೀನಿ ಅಂದ್ರು. ನಾನೂ ಹೂಂ ಅಂದೆ. ಪಟ್ಟಣದಲ್ಲಿ ಗೊತ್ತಿರೋ ಸ್ಪೇರ್ಸ್ ಅಂಗಡಿಯಿಂದ ಒರಿಜಿನಲ್ ಫಿಲ್ಟರೇ ತಂದ್ರು. ಡೀಸೆಲ್ ಫಿಲ್ಟರ್ ವಿಷಯದಲ್ಲಿ ಅಗ್ಗದ್ದು ಹುಡುಕಬೇಡಿ, ಇಂಜೆಕ್ಟರ್ ಒಳಗಿನ ಸಂದು ಎರಡು ಮೂರು ಮೈಕ್ರಾನ್ ಅಷ್ಟೇ ಇರತ್ತೆ, ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಕಣ್ಣಿಗೆ ಕಾಣದ ಧೂಳು ಕೂಡ ಅಲ್ಲಿ ಮರಳು ಕಾಗದದ ಕೆಲಸ ಮಾಡತ್ತೆ.

ಭಾನುವಾರದ ಕೆಲಸ

ಗಾಡಿ ನಿಂತಿದ್ದಿದ್ದು ಬಚ್ಚಲ ಮನೆ ಪಕ್ಕ, ಒಳಗೆ ಹಂಡೆ ಒಲೆ ಉರೀತಿತ್ತು. ಫೋನಲ್ಲಿ ಅದು ಗೊತ್ತಾಗಿ ಮೊದಲು ಗಾಡೀನ ಅಲ್ಲಿಂದ ತಳ್ಳಿ ಅಂಗಳದ ಆ ಕಡೆ ನಿಲ್ಸಿ ಅಂದೆ. ಡೀಸೆಲ್ ಪೆಟ್ರೋಲ್ ತರ ತಕ್ಷಣ ಹೊತ್ಕೊಳಲ್ಲ ನಿಜ, ಆದ್ರೆ ಡೀಸೆಲಲ್ಲಿ ನೆಂದ ಬಟ್ಟೆ ಚೂರು ಒಲೆ ಹತ್ರ ಇದ್ರೆ, ಇಲ್ಲ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಡೀಸೆಲ್ ಬಿದ್ರೆ ಉರಿ ಹತ್ತತ್ತೆ. ಇಂಜಿನ್ ಪೂರ್ತಿ ತಣ್ಣಗಾಗೋವರೆಗೆ ಕಾದು, ಬ್ಯಾಟರಿ ನೆಗೆಟಿವ್ ತೆಗೆದು, ಫಿಲ್ಟರ್ ಕೆಳಗಿದ್ದ ಆಲ್ಟರ್ನೇಟರ್ ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ಶುರು ಮಾಡಿದ್ರು.

ಬಿಚ್ಚೋಕೆ ಮುಂಚೆ ಫೋಟೋ ತೆಗೆದುಕೊಂಡಿದ್ರು, ಯಾವ ಪೈಪ್ ಎಲ್ಲಿಗೆ ಅಂತ ಬಣ್ಣದ ಟೇಪ್ ಸುತ್ತಿದ್ರು, ಸುತ್ತಮುತ್ತ ಧೂಳೆಲ್ಲ ಬ್ರಷ್ ಹೊಡೆದು ಒರೆಸಿದ್ರು. ಬಿಚ್ಚಿದ ಪೈಪಿನ ಬಾಯಿಗೆ ಗ್ಲೌಸಿನ ಬೆರಳು ಕತ್ತರಿಸಿ ಹಾಕಿ ರಬ್ಬರ್ ಬ್ಯಾಂಡ್ ಕಟ್ಟಿದ್ರು, ಇದು ಅವರದ್ದೇ ಐಡಿಯಾ, ತುಂಬಾ ಚೆನ್ನಾಗಿತ್ತು. ಮೆಕ್ಯಾನಿಕ್‌ಗಳೇ ಎಷ್ಟೋ ಜನ ಇಷ್ಟು ಶುಚಿಯಾಗಿ ಮಾಡಲ್ಲ.

ಹಳೆ ಫಿಲ್ಟರಿನ ಕೆಳಗಿಂದ ಬಸಿದದ್ದನ್ನ ಒಳಗಿದ್ದದ್ದು ಕಾಣೋ ನೀರಿನ ಬಾಟಲಿಗೆ ಹಿಡಿದು ಕಟ್ಟೆ ಮೇಲೆ ಇಟ್ರು. ಕಾಲು ಗಂಟೆ ಆದ್ಮೇಲೆ ಫೋಟೋ ಕಳಿಸಿದ್ರು. ಸುಮಾರು 300 ಮಿ.ಲೀ.ನಲ್ಲಿ ತಳದಲ್ಲಿ ಒಂದು ಬೆರಳಗಲ ಬೇರೆ ಪದರ, ಕಲಗಚ್ಚಿನ ಬಣ್ಣ, ಅದರ ಮೇಲೆ ಡೀಸೆಲ್ಲು, ಎರಡರ ಮಧ್ಯೆ ಕಪ್ಪು ಲೋಳೆ ತರ ತೆಳ್ಳಗಿನ ಗೆರೆ. ಕೆಳಗಿದ್ದದ್ದು ನೀರು. ನೀರು ಡೀಸೆಲ್ಲಿಗಿಂತ ಭಾರ, ತಳಕ್ಕೆ ಹೋಗತ್ತೆ, ಫಿಲ್ಟರ್ ಅದನ್ನ ಹಿಡಿದಿಟ್ಕೊಳ್ಳೋದು ಹಾಗೇನೇ. ಆ ಕಪ್ಪು ಗೆರೆ ನೀರು ಡೀಸೆಲ್ ಸೇರೋ ಜಾಗದಲ್ಲಿ ಬೆಳೆಯೋ ಬ್ಯಾಕ್ಟೀರಿಯಾ, ಬೂಷ್ಟು, ನೋಡೋಕೆ ಪಾಚಿ ಇದ್ದ ಹಾಗೆ, ಅದೇ ಫಿಲ್ಟರನ್ನ ಕಟ್ಟಿಸೋದು. ಆ ಫೋಟೋ ನೋಡಿದಾಗಲೇ ಇಷ್ಟು ನೀರು ಬಂದದ್ದು ಎಲ್ಲಿಂದ ಅಂತ ನಾನು ಕೇಳಬೇಕಿತ್ತು, ಕೇಳಿದ್ದು ಮಾರನೇ ದಿನ.

ಹೊಸ ಫಿಲ್ಟರ್ ಹಾಕೋ ಮುಂಚೆ ಅವರು ಒಂದು ಪ್ರಶ್ನೆ ಕೇಳಿದ್ರು, ಇದು ಈ ಪ್ರಕರಣದಲ್ಲಿ ಮೊದಲ ತಿರುವು. "ಫಿಲ್ಟರ್ ಒಳಗೆ ಡೀಸೆಲ್ ತುಂಬಿಸಿ ಹಾಕ್ಲಾ? ಏರ್ ಕಮ್ಮಿ ಆಗತ್ತಲ್ವಾ, ವಿಡಿಯೋದಲ್ಲಿ ಹಾಗೇ ಮಾಡ್ತಾನೆ." ಬೇಡ ಸರ್ ಅಂದೆ. ತಿರುಗಿಸಿ ಕೂರಿಸೋ ಫಿಲ್ಟರಿನ ನಡುವಿನ ದೊಡ್ಡ ತೂತು ಇದೆಯಲ್ಲ, ಅದು ಸೋಸಿ ಆಚೆ ಹೋಗೋ ದಾರಿ, ಅಲ್ಲಿಗೆ ಸುರಿದ ಡೀಸೆಲ್ ಸೋಸದೇನೇ ನೇರ ಹೈ ಪ್ರೆಶರ್ ಪಂಪಿಗೆ ಹೋಗತ್ತೆ. ಅವರ ಕೈಯಲ್ಲಿದ್ದ ಡೀಸೆಲ್ ಯಾವುದು ಅಂದ್ರೆ ಡ್ರಮ್ಮಿಂದ ಮಗ್ಗಲ್ಲಿ ತಂದದ್ದು. ಹಳೆ ಟ್ರ್ಯಾಕ್ಟರ್ ಪಂಪು ಅದನ್ನ ತಡೀಬಹುದು, ಕಾಮನ್ ರೈಲ್ ತಡಿಯಲ್ಲ. ಖಾಲಿ ಫಿಲ್ಟರೇ ಹಾಕಿ, ಕೈ ಪಂಪಲ್ಲಿ ತುಂಬಿಸಿ ಅಂತ ಹೇಳಿದೆ, ಹಾಗೇ ಮಾಡಿದ್ರು. ರಬ್ಬರ್ ಗ್ಯಾಸ್ಕೆಟ್ಟಿಗೆ ಡೀಸೆಲ್ ಸವರಿ, ಕೈಯಲ್ಲೇ ತಿರುಗಿಸಿ, ಗ್ಯಾಸ್ಕೆಟ್ ತಾಗಿದ ಮೇಲೆ ಫಿಲ್ಟರ್ ಮೇಲೆ ಬರೆದಿದ್ದಷ್ಟೇ ಇನ್ನೊಂಚೂರು ಬಿಗಿ. ನೀರಿನ ಸೆನ್ಸಾರ್ ಹೊಸ ಫಿಲ್ಟರ್ ಜೊತೆ ಬರಲ್ಲ, ಹಳೇದರಿಂದ ಬಿಚ್ಚಿ ಹೊಸದಕ್ಕೆ ಹಾಕ್ಬೇಕು. ಹಾಕಿದ್ರು.

ಕೈ ಪಂಪ್ ಒತ್ತಿದ್ರು, 40 ಸಲ ಆದ್ಮೇಲೆ ಗಟ್ಟಿಯಾಯ್ತು, ಅಂದ್ರೆ ಫಿಲ್ಟರ್ ತುಂಬಿತು ಅಂತ. ಕೀ ತಿರುಗಿಸಿದ್ರು, ಸ್ಟಾರ್ಟ್ ಆಯ್ತು! ಮನೆಯವರೆಲ್ಲ ಖುಷಿ. ನಲವತ್ತು ಸೆಕೆಂಡ್ ಓಡಿ, ಒಂದೆರಡು ಸಲ ತಡವರಿಸಿ, ಆಫ್ ಆಯ್ತು. ಆಮೇಲೆ ಸ್ಟಾರ್ಟೇ ಆಗ್ಲಿಲ್ಲ.

ಆ ಒಂದು ಗಂಟೆ

ಮೇಷ್ಟ್ರು ಮತ್ತೆ ಪಂಪ್ ಒತ್ತಿದ್ರು, ಮತ್ತೆ ಸೆಲ್ಫ್ ಹೊಡೆದ್ರು, ಹೀಗೆ ಹದಿನೈದು ಸಲ. ಬ್ಯಾಟರಿ ಇಳೀತು. ಅಷ್ಟೊತ್ತಿಗೆ ಅಂಗಳದಲ್ಲಿ ನಾಲ್ಕು ಜನ ಸೇರಿದ್ರು, ಒಬ್ಬೊಬ್ಬರದ್ದು ಒಂದೊಂದು ಸಲಹೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದ್ರೆ ಸ್ಟಾರ್ಟ್ ಆಗತ್ತೆ ಅಂತ ಒಬ್ಬರು. ಏರ್ ಫಿಲ್ಟರ್ ತೆಗೆದು ಇಂಜಿನ್ ಬೇಗ ಹತ್ತಲಿ ಅಂತ ಹೊಡೆಯೋ ಈಥರ್ ಸ್ಪ್ರೇ ಹೊಡಿ ಅಂತ ಇನ್ನೊಬ್ಬರು. ದೊಡ್ಡಪ್ಪ ಸ್ಪಾನರ್ ತಂದ್ರು, "ಏರ್ ಹಿಡ್ಕೊಂಡದೆ ಕಣಪ್ಪ, ನಾಝಲ್ ಪೈಪಿನ ನಟ್ಟು ಒಂಚೂರು ಸಡಿಲ ಮಾಡಿ ಸೆಲ್ಫ್ ಹೊಡಿ, ಏರ್ ಎಲ್ಲ ಆಚೆ ಬರುತ್ತೆ, ನಲವತ್ತು ವರ್ಷದಿಂದ ಮಾಡ್ತಿದೀನಿ."

ದೊಡ್ಡಪ್ಪ ಹೇಳಿದ್ದು ಅವರ ಟ್ರ್ಯಾಕ್ಟರಿನ ಮಟ್ಟಿಗೆ ನೂರಕ್ಕೆ ನೂರು ಸರಿ. ಹಳೆ ಪಂಪ್ ಇರೋ ಇಂಜಿನ್‌ಗಳಲ್ಲಿ ಏರ್ ಬಿಡಿಸೋದು ಹಾಗೇನೇ, ನಾನೇ ನೋಡಿದ್ದೀನಿ. ಆದ್ರೆ ಇದು ಕಾಮನ್ ರೈಲು. ಸೆಲ್ಫ್ ಹೊಡೆಯೋವಾಗಲೇ ಇಂಜೆಕ್ಟರಿಗೆ ಹೋಗೋ ಆ ಪೈಪಲ್ಲಿ 200 ಬಾರ್ ದಾಟಬಹುದು, ಓಡೋವಾಗ 1600ರವರೆಗೆ ಹೋಗೋ ಗಾಡಿಗಳಿವೆ. ಟೈರಿಗೆ ಹಾಕಿಸ್ತೀವಲ್ಲ 32 ಪಿಎಸ್‌ಐ, ಅದು ಬರೀ 2.2 ಬಾರ್, ಲೆಕ್ಕ ಹಾಕಿ. ಅಷ್ಟು ಪ್ರೆಶರಲ್ಲಿ ಸಂದಿಯಿಂದ ಬರೋ ಡೀಸೆಲ್ ಚರ್ಮ ತೂರಿಕೊಂಡು ಒಳಗೆ ಹೋಗತ್ತೆ, ಹೊರಗಿಂದ ಸೂಜಿ ಚುಚ್ಚಿದ ಗುರುತು ಬಿಟ್ರೆ ಏನೂ ಕಾಣಲ್ಲ, ಆ ಕ್ಷಣ ದೊಡ್ಡ ನೋವೂ ಇರದೇ ಇರಬಹುದು, ಆದ್ರೆ ಒಳಗೆ ಮಾಂಸ ಸಾಯೋಕೆ ಶುರುವಾಗತ್ತೆ, ಬೇಗ ಆಪರೇಷನ್ ಆಗ್ಲಿಲ್ಲ ಅಂದ್ರೆ ಬೆರಳು ಹೋಗತ್ತೆ, ಕೆಲವೊಮ್ಮೆ ಕೈಯೇ. ಯಾರಿಗಾದ್ರೂ ಹಾಗೆ ಆದ್ರೆ ಗಾಯ ಸಣ್ಣದು ಅಂತ ಕಾಯ್ದೇ ಸೀದಾ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಸ್ಪ್ರೇ ವಿಷಯಾನೂ ಅಷ್ಟೇ. ಡೀಸೆಲ್ ಇಂಜಿನಲ್ಲಿ ಸಿಲಿಂಡರ್ ಒಳಗೆ ಬಿಸಿ ಮಾಡೋ ಗ್ಲೋ ಪ್ಲಗ್ ಕೆಂಪಗೆ ಕಾದಿರತ್ತೆ, ಈಥರ್ ಸ್ಪ್ರೇ ಹೋದ್ರೆ ಹೊತ್ತಲ್ಲದ ಹೊತ್ತಲ್ಲಿ ಸಿಡಿಯತ್ತೆ, ಪಿಸ್ಟನ್ ಒಡೆದಿರೋ ಉದಾಹರಣೆಗಳಿವೆ. ಎಳೆದು ಸ್ಟಾರ್ಟ್ ಮಾಡೋದಂತೂ ಇನ್ನೂ ಕೆಟ್ಟದ್ದು, ಕಾರಣ ಹೈ ಪ್ರೆಶರ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಅದರೊಳಗೆ ಲೂಬ್ರಿಕೇಶನ್‌ಗೆ ಬೇರೆ ಏನೂ ಇಲ್ಲ, ಒಣಗಿದ ಪಂಪನ್ನ ತಿರುಗಿಸ್ತಾ ಇದ್ರೆ ಲೋಹ ಲೋಹಕ್ಕೆ ಉಜ್ಜಿ ಪುಡಿ ಬಿಡತ್ತೆ, ಆ ಪುಡಿ ರೈಲಿಗೆ, ರೈಲಿಂದ ಇಂಜೆಕ್ಟರಿಗೆ. ಆಮೇಲೆ ಪಂಪು, ರೈಲು, ನಾಲ್ಕೂ ಇಂಜೆಕ್ಟರು, ಎಲ್ಲ ಬದಲಾಯಿಸ್ಬೇಕು.

ಮೇಷ್ಟ್ರು ನಟ್ಟಿಗೆ ಸ್ಪಾನರ್ ಹಾಕೋ ಮುಂಚೆ ನನಗೆ ಫೋನ್ ಮಾಡಿದ್ರು. ಎರಡನೇ ತಿರುವು ಇದು, ನನ್ನ ಪ್ರಕಾರ ಅತಿ ಮುಖ್ಯವಾದದ್ದು. "ದೊಡ್ಡಪ್ಪ ಹೇಳ್ತಿದ್ದಾರೆ ಕಣಯ್ಯ, ಬೇಡ ಅನ್ನೋಕೂ ಆಗ್ತಿಲ್ಲ." ಹಿರಿಯರ ಮಾತು ತೆಗೆದುಹಾಕೋದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಫೋನನ್ನ ದೊಡ್ಡಪ್ಪನ ಕೈಗೇ ಕೊಡಿ ಸರ್ ಅಂದೆ. ಅವರಿಗೆ ಹೇಳಿದ್ದು ಇಷ್ಟೇ: "ದೊಡ್ಡಪ್ಪ, ನಿಮ್ಮ ಟ್ರ್ಯಾಕ್ಟರಲ್ಲಿ ನಟ್ಟು ಸಡಿಲಿಸಿದ್ರೆ ಡೀಸೆಲ್ ನೊರೆ ಬಂದು ಆಮೇಲೆ ಧಾರೆ ಬರುತ್ತೆ ಅಲ್ವಾ, ಇದರಲ್ಲಿ ಧಾರೆ ಬರಲ್ಲ, ಕೈ ಕೊಯ್ಯೋ ಹಾಗೆ ಬರುತ್ತೆ. ನಾಳೆ ಬೆಳಗ್ಗೆ ಬರ್ತೀನಿ, ಅಲ್ಲಿವರೆಗೆ ಯಾರೂ ಕೀ ಮುಟ್ಟೋದು ಬೇಡ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು ಬಾಪ್ಪ, ನೋಡೇಬಿಡಾನ" ಅಂದ್ರು. ಬ್ಯಾಟರಿ ಚಾರ್ಜಿಗೆ ಹಾಕಿ ಎಲ್ಲರೂ ಮಲಗಿದ್ರು.

ಸೋಮವಾರ ಬೆಳಗ್ಗೆ

ನಾನು ತಗೊಂಡು ಹೋಗಿದ್ದು ಎರಡೇ ಸಾಮಾನು, ಒಂದು ಅಡಿ ಉದ್ದದ ಪಾರದರ್ಶಕ ಪೈಪು ಮತ್ತೆ ಅದಕ್ಕೆ ಹೊಂದೋ ಕ್ಲಿಪ್ಪು. ಒಬಿಡಿ ರೀಡರ್ ಅವರದ್ದೇ ಇತ್ತು.

ಮೊದಲು ರೀಡರಲ್ಲಿ ರೈಲ್ ಪ್ರೆಶರ್ ಇಟ್ಕೊಂಡು ಐದೇ ಸೆಕೆಂಡ್ ಸೆಲ್ಫ್ ಹೊಡೆದ್ವಿ. 60, 70, ಮತ್ತೆ 50, ಹೀಗೆ ಕುಣೀತಿತ್ತು. ಈ ತರದ ಇಂಜಿನ್‌ಗಳಲ್ಲಿ ಸಾಧಾರಣವಾಗಿ 200 ಬಾರಿನ ಆಸುಪಾಸು ಬರದೆ ಇಸಿಯು ಇಂಜೆಕ್ಟರ್ ತೆರೆಯೋದೇ ಇಲ್ಲ. ಅಂದ್ರೆ ನೂರು ಸಲ ಸೆಲ್ಫ್ ಹೊಡೆದ್ರೂ ಸ್ಟಾರ್ಟ್ ಆಗ್ತಿರ್ಲಿಲ್ಲ. ಹಿಂದಿನ ದಿನ ಈ ನಂಬರ್ ನೋಡಿದ್ದಿದ್ರೆ ಆ ಹದಿನೈದು ಸಲದಲ್ಲಿ ಹದಿಮೂರು ಉಳೀತಿತ್ತು.

ಆಮೇಲೆ ಫಿಲ್ಟರಿಂದ ಪಂಪಿಗೆ ಹೋಗೋ ಪೈಪಿನ ಮಧ್ಯೆ ಪಾರದರ್ಶಕ ಪೈಪ್ ಸೇರಿಸಿ ಸೆಲ್ಫ್ ಹೊಡೆದ್ವಿ. ಗೋಲಿ ಸೋಡಾ ತೆಗೆದಾಗ ಬರೋ ಹಾಗೆ ಗುಳ್ಳೆ, ಸಾಲಾಗಿ, ನಿಲ್ಲದೇ. ಡೀಸೆಲ್ಲಿಗಿಂತ ಗಾಳಿನೇ ಜಾಸ್ತಿ ಹೋಗ್ತಿತ್ತು, ಗಾಳಿ ಸೇರಿದ್ರೆ ಪಂಪಿಗೆ ಪ್ರೆಶರ್ ಏರಿಸೋಕಾಗಲ್ಲ. ದೊಡ್ಡಪ್ಪ ಬಗ್ಗಿ ನೋಡಿ "ಹಾಂ, ಏರೇ" ಅಂದ್ರು. ಅವರ ರೋಗ ಗುರುತಿಸಿದ್ದು ಹಿಂದಿನ ದಿನವೇ ಸರಿ ಇತ್ತು, ಔಷಧ ಮಾತ್ರ ಈ ಗಾಡಿಗೆ ಆಗ್ತಿರ್ಲಿಲ್ಲ.

ಗಾಳಿ ಎಲ್ಲಿಂದ? ಅದೇ ಪೈಪನ್ನ ತೆಗೆದು ಫಿಲ್ಟರಿಗೆ ಬರೋ ಕಡೆ, ಟ್ಯಾಂಕಿನ ದಿಕ್ಕಿಗೆ ಹಾಕಿದ್ವಿ. ಗುಳ್ಳೆ ಇಲ್ಲ, ಚಿನ್ನದ ಬಣ್ಣದ ತಿಳಿ ಡೀಸೆಲ್ಲು. ಫಿಲ್ಟರಿಗೆ ಬರೋವಾಗ ಗಾಳಿ ಇಲ್ಲ, ಫಿಲ್ಟರಿಂದ ಹೋಗೋವಾಗ ಇದೆ, ಅಂದ್ಮೇಲೆ ಕಳ್ಳ ಫಿಲ್ಟರ್ ಹತ್ರಾನೇ ಇದ್ದಾನೆ. ಎರಡು ನಿಮಿಷದ ಪರೀಕ್ಷೆ, ಇಡೀ ಗಾಡಿ ಹುಡುಕೋ ಕೆಲಸ ಒಂದು ಗೇಣು ಜಾಗಕ್ಕೆ ಇಳೀತು.

ಆದ್ರೆ ಎಲ್ಲೂ ಡೀಸೆಲ್ ತೊಟ್ಟಿಕ್ಕುತ್ತಿಲ್ಲ. ಮೇಷ್ಟ್ರು ಅದನ್ನೇ ಕೇಳಿದ್ರು, ಲೀಕ್ ಇದ್ರೆ ಕಾಣಬೇಕಲ್ವಾ ಅಂತ. ಸ್ಟ್ರಾದಲ್ಲಿ ಮಧ್ಯೆ ಒಂದು ಸಣ್ಣ ತೂತಿದ್ರೆ ಎಳನೀರು ಆಚೆ ಸುರಿಯಲ್ಲ, ನೀವು ಎಳೆದಾಗ ಗಾಳಿ ಒಳಗೆ ಬರತ್ತೆ ಅಷ್ಟೇ. ಇಂಜಿನ್ ಎಳೀತಿರೋವಾಗ ಫಿಲ್ಟರ್ ಇರೋದು ಆ ಸ್ಟ್ರಾದ ನಡುವೆ. ಸೋರಿಕೆ ಒಳಮುಖ, ಹೊರಗೆ ಒಣಗಿರತ್ತೆ. ಕೈ ಪಂಪ್ ಒತ್ತುವಾಗ ಮಾತ್ರ ಉಲ್ಟಾ, ಆಗ ಫಿಲ್ಟರೊಳಗೆ ಒತ್ತಡ ಇರತ್ತೆ, ಸೋರೋದಿದ್ರೆ ಆಗ ಹೊರಗೆ ಬರಬೇಕು.

ಹಾಗಾಗಿ ಇಡೀ ಫಿಲ್ಟರನ್ನ ಒಣಬಟ್ಟೇಲಿ ಪೂರ್ತಿ ಒರೆಸಿ, ಮೇಲಿನ ಗ್ಯಾಸ್ಕೆಟ್ ಸುತ್ತ ಒಂದು, ಕೆಳಗೆ ಸೆನ್ಸಾರ್ ಸುತ್ತ ಒಂದು ಟಿಶ್ಯೂ ಪೇಪರ್ ಸುತ್ತಿದ್ವಿ. ಮೇಷ್ಟ್ರು ಪಂಪ್ ಒತ್ತಿದ್ರು, ನಾನು ಟಾರ್ಚ್ ಹಿಡಿದಿದ್ದೆ. ಇಪ್ಪತ್ತು, ಇಪ್ಪತ್ತೈದು. ಮೇಲಿನದ್ದು ಬೆಳ್ಳಗೇ ಇತ್ತು. ಕೆಳಗಿನ ಪೇಪರಲ್ಲಿ ಒಂದು ಕಡೆ ಸಾಸಿವೆ ಕಾಳಿನಷ್ಟು ಒದ್ದೆ ಚುಕ್ಕೆ, ನೋಡ್ತಾ ನೋಡ್ತಾ ಹುಣಸೆ ಬೀಜದಷ್ಟಾಯ್ತು.

ಹಿಂದಿನ ದಿನವೂ ಕೆಳಗೆ ಒದ್ದೆ ಇದ್ದಿದ್ದು ಮೇಷ್ಟ್ರಿಗೆ ಕಂಡಿತ್ತು, ಬಸಿದಾಗ ಚೆಲ್ಲಿದ್ದು ಅಂದ್ಕೊಂಡಿದ್ರು. ಯಾರಾದ್ರೂ ಹಾಗೇ ಅಂದ್ಕೊತಾರೆ. ಒರೆಸಿ ಒಣಗಿಸದೇ ಇದ್ರೆ ಚೆಲ್ಲಿದ್ದಕ್ಕೂ ಸೋರಿದ್ದಕ್ಕೂ ವ್ಯತ್ಯಾಸ ಗೊತ್ತಾಗಲ್ಲ.

ಸೆನ್ಸಾರ್ ಬಿಚ್ಚಿದ್ವಿ. ಅದರ ಕತ್ತಿನಲ್ಲಿ ಕಪ್ಪು ಓ ರಿಂಗ್ (ಸೋರದ ಹಾಗೆ ಹಾಕೋ ರಬ್ಬರ್ ಬಳೆ), ಹಳೇದೇ. ಉಗುರಲ್ಲಿ ಒತ್ತಿದ್ರೆ ರಬ್ಬರಿನ ಮೆತ್ತಗಿನ ಗುಣವೇ ಇಲ್ಲ, ದುಂಡಗಿರಬೇಕಾದದ್ದು ಒಂದು ಕಡೆ ಚಪ್ಪಟೆ, ಆ ಚಪ್ಪಟೆ ಜಾಗದಲ್ಲಿ ಒಂದು ಸೀಳು. ಹಳೆ ಫಿಲ್ಟರಲ್ಲಿ ವರ್ಷಗಟ್ಲೆ ಒಂದೇ ಭಂಗಿಯಲ್ಲಿ ಕೂತಿತ್ತು, ಅಲ್ಲಿ ಸೋರ್ತಿರ್ಲಿಲ್ಲ, ಬಿಚ್ಚಿ ಹೊಸ ಜಾಗಕ್ಕೆ ಹಾಕಿದ ಮೇಲೆ ಕೂರಲಿಲ್ಲ.

ಹೊಸ ಓ ರಿಂಗ್ ಬಂದಿರಬೇಕಲ್ಲ ಸರ್, ಫಿಲ್ಟರ್ ಜೊತೆ ಅಂದೆ. ಇಲ್ಲ ಕಣಯ್ಯ, ಬರೀ ಫಿಲ್ಟರ್ ಇತ್ತು ಅಂದ್ರು. ಡಬ್ಬ ಎಲ್ಲಿ? ಕಿಟಕಿ ಮೇಲೆ ಬಿಲ್ ಜೊತೆ ಹಾಗೇ ಇತ್ತು. ತಿರುಗಿಸಿ ಅಲ್ಲಾಡಿಸಿದ್ರೆ ಏನೂ ಬೀಳಲಿಲ್ಲ. ತಳದ ಮಡಿಕೆ ಬಿಡಿಸಿದಾಗ ಎರಡು ರಟ್ಟಿನ ಮಧ್ಯೆ ಬೆರಳುಗುರಿನಷ್ಟಗಲದ ಪ್ಲಾಸ್ಟಿಕ್ ಕವರು, ಒಳಗೆ ಹಸಿರು ಬಣ್ಣದ ಓ ರಿಂಗ್. ಮೇಷ್ಟ್ರು ಅದನ್ನ ಅಂಗೈಲಿ ಇಟ್ಕೊಂಡು ತುಂಬಾ ಹೊತ್ತು ನೋಡಿದ್ರು.

ಹೊಸದಕ್ಕೆ ಡೀಸೆಲ್ ಸವರಿ ಹಾಕಿ, ಸೆನ್ಸಾರ್ ಕೈಯಲ್ಲೇ ಬಿಗಿ ಮಾಡಿ, ಪಂಪ್ ಒತ್ತಿದ್ವಿ. ಗಟ್ಟಿಯಾಯ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ ನೋಡಿದ್ವಿ, ಗಟ್ಟಿಯಾಗೇ ಇತ್ತು. ಭಾನುವಾರ ಈ ಹತ್ತು ನಿಮಿಷ ಕಾದಿರ್ಲಿಲ್ಲ, ಗಟ್ಟಿಯಾಯ್ತು ಅಂತ ಸೀದಾ ಕೀ ತಿರುಗಿಸಿದ್ರು, ಆವತ್ತು ಕಾದಿದ್ರೆ ಮೆತ್ತಗಾಗಿದ್ದು ಕೈಗೇ ಗೊತ್ತಾಗ್ತಿತ್ತು. ಟಿಶ್ಯೂ ಒಣಗಿತ್ತು. ಪಾರದರ್ಶಕ ಪೈಪ್ ಮತ್ತೆ ಪಂಪಿನ ಕಡೆ ಹಾಕಿ ಸೆಲ್ಫ್ ಹೊಡೆದ್ವಿ, ಮೊದಲು ಒಂದಷ್ಟು ಗುಳ್ಳೆ, ಆಮೇಲೆ ಕಮ್ಮಿ, ಆಮೇಲೆ ಇಲ್ಲ. ರೀಡರಲ್ಲಿ 90, 180, 260, ಇಂಜಿನ್ ಹಿಡ್ಕೊಂಡಿತು. ಹತ್ತು ನಿಮಿಷ ಐಡಲಲ್ಲಿ ಬಿಟ್ವಿ, 300ರ ಹತ್ರ ಅಲ್ಲಾಡದೇ ನಿಂತಿತ್ತು. ಆಫ್ ಮಾಡಿ ಪಾರದರ್ಶಕ ಪೈಪ್ ತೆಗೆದು ಒರಿಜಿನಲ್ ಪೈಪ್ ಹಾಕಿ ಇನ್ನೊಂದ್ಸಲ ಪ್ರೈಮ್ ಮಾಡಿದ್ವಿ. ಆ ಪೈಪನ್ನ ಗಾಡೀಲೇ ಬಿಡಬೇಡಿ, ಇಂಜಿನ್ ಬಿಸಿಗೆ ಮೆತ್ತಗಾಗಿ ಜಾರತ್ತೆ.

ನೀರು ಎಲ್ಲಿಂದ ಬಂತು

ಕಾಫಿ ಕುಡೀತಾ ಆ ಬಾಟಲಿ ಮತ್ತೆ ತೆಗೆಸಿದೆ. ಆಗ ಆಗಸ್ಟಿನ ಆ ರಾತ್ರಿ ನೆನಪಾಗಿದ್ದು ಮೇಷ್ಟ್ರ ಮನೆಯವರಿಗೆ, "ಡ್ರಮ್ಮಿಂದ ಹಾಕಿದ್ರಲ್ಲ ಆವತ್ತು" ಅಂದ್ರು. ಡ್ರಮ್ ನೋಡೋಕೆ ಹೋದ್ವಿ. ಕೊಟ್ಟಿಗೆ ಪಕ್ಕ ಬಯಲಲ್ಲಿ ನೆಟ್ಟಗೆ ನಿಂತಿತ್ತು, ಮುಚ್ಚಳ ಬಿಗಿಯಾಗೇ ಇತ್ತು, ದೊಡ್ಡಪ್ಪ ಅದರಲ್ಲಿ ತಪ್ಪೇ ಮಾಡಿರ್ಲಿಲ್ಲ. ಆದ್ರೆ ನೆಟ್ಟಗೆ ನಿಂತ ಡ್ರಮ್ಮಿನ ಮೇಲ್ಭಾಗ ತಟ್ಟೆ ಇದ್ದ ಹಾಗೆ, ಅಂಚು ಎತ್ತರ, ಮಳೆ ನೀರು ಅಲ್ಲೇ ನಿಲ್ಲತ್ತೆ, ಮುಚ್ಚಳ ಆ ನೀರಲ್ಲಿ ಮುಳುಗಿರತ್ತೆ. ಹಗಲು ಬಿಸಿಲಿಗೆ ಡ್ರಮ್ಮೊಳಗಿನ ಗಾಳಿ ಹಿಗ್ಗಿ ಮುಚ್ಚಳದ ಎಳೆಯಿಂದ ಆಚೆ ಹೋಗತ್ತೆ, ರಾತ್ರಿ ತಂಪಿಗೆ ಕುಗ್ಗಿ ಒಳಗೆ ಎಳ್ಕೊಳತ್ತೆ, ಆಗ ಬರೋದು ಗಾಳಿ ಅಲ್ಲ, ಮೇಲೆ ನಿಂತ ನೀರು. ಡ್ರಮ್ ಉಸಿರಾಡತ್ತೆ. ಟ್ರ್ಯಾಕ್ಟರ್ ಫಿಲ್ಟರ್ ದೊಡ್ಡದು, ನೀರು ಬಸಿಯೋದು ದೊಡ್ಡಪ್ಪನಿಗೆ ದಿನದ ಅಭ್ಯಾಸ, ಅಲ್ಲಿ ಯಾವತ್ತೂ ತೊಂದರೆ ಆಗಿರ್ಲಿಲ್ಲ.

ಇಲ್ಲಿ ಒಂದು ನಿರ್ಧಾರ ಬಗ್ಗೆ ನನಗೆ ಈಗಲೂ ಸಮಾಧಾನ ಇಲ್ಲ. ಟ್ಯಾಂಕ್ ಇಳಿಸಿ ಪೂರ್ತಿ ಖಾಲಿ ಮಾಡೋದಾ, ಇಲ್ಲ ಬಂಕಿಂದ ಫುಲ್ ಟ್ಯಾಂಕ್ ಹಾಕಿಸಿ ಫಿಲ್ಟರಿಂದ ಆಗಾಗ ಬಸೀತಾ ಇರೋದಾ ಅಂತ ಮಾತಾಡಿದ್ವಿ. ಎರಡನೇದು ಮಾಡಿದ್ವಿ, ಸುಲಭ ಅಂತ. ನಾನು ಇವತ್ತು ಹೇಳೋದಾದ್ರೆ ಟ್ಯಾಂಕ್ ಖಾಲಿ ಮಾಡಿಸಿ ಅಂತಲೇ ಹೇಳ್ತೀನಿ, ಫಿಲ್ಟರ್ ಹಿಡಿದಿಟ್ಕೊಳ್ಳೋ ನೀರಿಗೆ ಒಂದು ಮಿತಿ ಇದೆ, ಅದು ತುಂಬಿದ ಮೇಲೆ ಮುಂದಕ್ಕೆ ಬಿಡತ್ತೆ, ಇಂಜೆಕ್ಟರಿಗೆ ನೀರು ಹೋದ್ರೆ ತುಕ್ಕು. ಇವರ ಗಾಡೀಲಿ ಹಾಗಾಗಲಿಲ್ಲ, ಹಾಗಾಗಲಿಲ್ಲ ಅನ್ನೋದಕ್ಕೆ ಆ ನಿರ್ಧಾರ ಸರಿ ಅಂತ ಆಗಲ್ಲ.

ಪೆಟ್ರೋಲ್ ಗಾಡಿ ಇರೋರು ಈ ಪ್ರಕರಣ ನೋಡಿ ಧೈರ್ಯ ತಗೋಬೇಡಿ. ಈಗಿನ ತುಂಬಾ ಪೆಟ್ರೋಲ್ ಕಾರಲ್ಲಿ ಫಿಲ್ಟರ್ ಟ್ಯಾಂಕೊಳಗೆ ಪಂಪ್ ಜೊತೆನೇ ಇರತ್ತೆ, ಲೈನಲ್ಲಿ ಗಾಡಿ ಆಫ್ ಆದ ಮೇಲೂ ಪ್ರೆಶರ್ ಉಳಿದಿರತ್ತೆ, ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಅದು ಬೇರೆ ಕೆಲಸ, ಬೇರೆ ಎಚ್ಚರ. ಟ್ಯಾಂಕಲ್ಲೇ ಕರೆಂಟ್ ಪಂಪ್ ಇರೋ ಡೀಸೆಲ್ ಗಾಡೀಲೂ ಲೆಕ್ಕ ಬೇರೆ, ಅಲ್ಲಿ ಲೈನ್ ಒತ್ತಡದಲ್ಲಿ ಇರೋದ್ರಿಂದ ಸೋರಿದ್ರೆ ಹೊರಗೇ ಸೋರತ್ತೆ, ಏರ್ ಬಿಡಿಸೋಕೆ ಕೀ ಆನ್ ಆಫ್ ಮಾಡಿದ್ರೆ ಪಂಪೇ ತುಂಬಿಸತ್ತೆ. ಹಾಗಾಗಿ ನಿಮ್ಮ ಗಾಡೀಲಿ ಡೀಸೆಲ್ಲನ್ನ ಹಿಂದಿಂದ ತಳ್ತಾರಾ ಮುಂದಿಂದ ಎಳೀತಾರಾ ಅಂತ ಮೊದಲು ತಿಳ್ಕೊಂಡು ಆಮೇಲೆ ಸ್ಪಾನರ್ ಹಿಡೀರಿ, ಹುಡುಕೋ ರೀತಿನೇ ಅದರ ಮೇಲೆ ಬದಲಾಗತ್ತೆ.

ಹಳೆ ಡೀಸೆಲ್ಲು, ಫಿಲ್ಟರು, ನೆಂದ ಬಟ್ಟೆ ಎಲ್ಲ ತೆಂಗಿನ ಬುಡಕ್ಕೆ ಸುರಿಯೋಕೆ ಹೊರಟಿದ್ದ ಹುಡುಗನನ್ನ ಮೇಷ್ಟ್ರೇ ತಡೆದ್ರು, ಬಾವಿ ಅಲ್ಲೇ ಪಕ್ಕ. ಕ್ಯಾನಿಗೆ ತುಂಬಿಸಿ ಪಟ್ಟಣದ ಗ್ಯಾರೇಜಿನ ವೇಸ್ಟ್ ಆಯಿಲ್ ಬ್ಯಾರಲ್ಲಿಗೆ ಕೊಟ್ರು.

200 ಕಿ.ಮೀ. ಆದ್ಮೇಲೆ ಫಿಲ್ಟರ್ ಬಸಿದಾಗ ಒಂದು ಚಮಚದಷ್ಟು ನೀರು ಬಂತು, ಇನ್ನೊಂದು 200ಕ್ಕೆ ನಾಲ್ಕೈದು ಹನಿ, ಮೂರನೇ ಸಲ ಬರೀ ಡೀಸೆಲ್ಲು. ಪ್ರತಿ ಸಲವೂ ಅದೇ ಬಾಟಲಿಗೆ ಹಿಡಿದು ಕಾಲು ಗಂಟೆ ಕಟ್ಟೆ ಮೇಲೆ ಇಟ್ಟು, ಫೋಟೋ ತೆಗೆದು ನನಗೆ ಕಳಿಸಿದ್ರು. ದೇವರಾಯನದುರ್ಗದ ಏರಲ್ಲಿ ಅದೇ ತಿರುವಲ್ಲಿ ಗಾಡಿ ಮೂರನೇ ಗೇರಲ್ಲಿ ಎಳ್ಕೊಂಡು ಹೋಯ್ತು ಅಂತ ನವೆಂಬರಲ್ಲಿ ಫೋನ್ ಮಾಡಿದ್ರು. ಡ್ರಮ್ಮನ್ನ ದೊಡ್ಡಪ್ಪ ಕೊಟ್ಟಿಗೆ ಶೀಟಿನ ಕೆಳಗೆ ತಂದು ಅಡ್ಡ ಮಲಗಿಸಿದ್ದಾರೆ, ಎರಡೂ ಮುಚ್ಚಳ ಒಂದೇ ಮಟ್ಟದಲ್ಲಿ ಡೀಸೆಲ್ಲಿನ ಕೆಳಗೆ ಇರೋ ಹಾಗೆ, ಉರುಳದೇ ಇರಲಿ ಅಂತ ಎರಡು ಕಡೆ ತೆಂಗಿನ ದಿಮ್ಮಿ ಇಟ್ಟಿದ್ದಾರೆ.